ಲೇಸರ್ ಕಟ್ಟರ್‌ನ ಬ್ಲೋವರ್ ಸ್ವಿಚ್ಚನ್ನು ಧೂಳಿನ ಸೆನ್ಸರ್ ಕೈಗೆ ಕೊಡಬೇಡಿ

ಮೇಕರ್‌ಸ್ಪೇಸ್ (ಎಲ್ಲರೂ ಬಂದು ವಸ್ತು ತಯಾರಿಸುವ ಹಂಚಿಕೆಯ ಕಾರ್ಯಾಗಾರ) ನಡೆಸುವವರು, ಕಾಲೇಜು ಲ್ಯಾಬಿನಲ್ಲಿ ಲೇಸರ್ ಕಟ್ಟರ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ನಮ್ಮಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದು.

ಬೆಂಗಳೂರಿನ ಒಂದು ಸಣ್ಣ ಮೇಕರ್‌ಸ್ಪೇಸಿನಲ್ಲಿ ಶನಿವಾರದ ವರ್ಕ್‌ಶಾಪ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಕಟ್ಟರ್‌ನ ಹೊಗೆಯನ್ನು ಹೊರಗೆ ತಳ್ಳುವ ಬ್ಲೋವರ್ ಸದ್ದು ವಿಪರೀತ. ಹೇಳಿಕೊಡುವವರ ಮಾತು ಹಿಂದೆ ಕೂತವರಿಗೆ ಕೇಳುತ್ತಲೇ ಇರಲಿಲ್ಲ. ಅದಕ್ಕೆ ಪಿಎಂಎಸ್5003 ಧೂಳಿನ ಸೆನ್ಸರನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ಗೋಡೆಗೆ ಹಾಕಿದೆವು. ಒಂದು ತಿಂಗಳ ರೀಡಿಂಗ್ ಸೇರಿಸಿ ಗ್ರಾಫ್ ನೋಡಿದರೆ ಗಾಳಿ ಚೆನ್ನಾಗಿತ್ತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸುವಾಗ ಮಾತ್ರ ಗೆರೆ ಸ್ವಲ್ಪ ಏರುತ್ತಿತ್ತು. ಸರಿ, ಬ್ಲೋವರ್ ಸುಮ್ನೆ ಯಾಕೆ ಓಡಬೇಕು, ಧೂಳು ಏರಿದಾಗ ತಾನಾಗಿ ಶುರುವಾಗಲಿ ಎಂದು ಪ್ರೋಗ್ರಾಂ ಬರೆದೆವು. ಪದೇ ಪದೇ ಆನ್ ಆಫ್ ಆಗಬಾರದೆಂದು 10 ನಿಮಿಷದ ಸರಾಸರಿ ಇಟ್ಟೆವು.

ಆ ತಿಂಗಳಿಡೀ ಬ್ಲೋವರ್ ಓಡುತ್ತಲೇ ಇತ್ತು. ಗಾಳಿ ಚೆನ್ನಾಗಿದ್ದದ್ದೇ ಅದರಿಂದ. ಇಷ್ಟು ಸರಳ ಮಾತು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೂರನೇ ಶನಿವಾರ ಪರ್ಸ್ ಮಾಡುವ ವರ್ಕ್‌ಶಾಪ್. ಒಬ್ಬರು ಚರ್ಮ ಎಂದು ತಂದದ್ದು ರೆಕ್ಸಿನ್ ಆಗಿತ್ತು. ನಾವು ಪರೀಕ್ಷಿಸದೆ ಮೆಷಿನ್‌ಗೆ ಹಾಕಿದೆವು. ನಾಲ್ಕೇ ನಿಮಿಷಕ್ಕೆ ಘಾಟು. ಕಣ್ಣು ಉರಿ, ಗಂಟಲು ಹಿಡಿದುಕೊಂಡಂತೆ ಕೆಮ್ಮು. ಗೋಡೆಯ ಮೇಲೆ ಗಾಳಿ ಸರಿಯಿದೆ ಎನ್ನುವ ಸೆನ್ಸರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಮೇನ್ ಸ್ವಿಚ್ ಆಫ್ ಮಾಡಿ ಎಲ್ಲರನ್ನೂ ಹೊರಗೆ ಕಳಿಸಿದೆ. ಆಸ್ತಮಾ ಇದ್ದ ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದೆವು. ಸಂಜೆಯವರೆಗೂ ಅವಳಿಗೆ ಆಕ್ಸಿಜನ್ ಕೊಟ್ಟರು. ಅವಳ ತಾಯಿಯ ಮುಖ ನನಗೆ ಇನ್ನೂ ಮರೆಯಲು ಆಗಿಲ್ಲ.

ರೆಕ್ಸಿನ್ ಅಂದರೆ ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಲೇಪ. ಪಿವಿಸಿಯ ತೂಕದಲ್ಲಿ ಸುಮಾರು 57% ಕ್ಲೋರಿನ್. ಲೇಸರ್ ಬಿಸಿಗೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಕಣ್ಣು, ಗಂಟಲಿನ ತೇವಕ್ಕೆ ತಾಗಿದರೆ ಆಸಿಡ್ಡೇ. ನಮ್ಮ ಸೆನ್ಸರ್ ಕೆಲಸ ಮಾಡುವುದು ಗಾಳಿಯಲ್ಲಿ ತೇಲುವ ಕಣಗಳ ಮೇಲೆ ಬೆಳಕು ಬಿಟ್ಟು. 0.3 ಮೈಕ್ರಾನ್‌ಗಿಂತ ದೊಡ್ಡ ಕಣ ಅದಕ್ಕೆ ಕಾಣುತ್ತದೆ, ಅನಿಲ ಕಾಣುವುದಿಲ್ಲ. ಜೊತೆಗೆ ಎದ್ದ ಹೊಗೆ ಕಚ್ಚಾ ರೀಡಿಂಗಿನಲ್ಲಿ ಇತ್ತು, ಆದರೆ 10 ನಿಮಿಷದ ಸರಾಸರಿಯಲ್ಲಿ ಕರಗಿಹೋಗಿತ್ತು. ಎಂಕ್ಯೂ-135 ಎಂಬ ಅನಿಲ ಸೆನ್ಸರ್ ಹಾಕಿ ಎಂದು ಕೆಲವರು ಹೇಳಿದರು. ಅದು ಅಮೋನಿಯಾ, ಬೆಂಜೀನ್, ಹೊಗೆ ಇಂಥವಕ್ಕೆ ಮಾಡಿದ್ದು. ಹವೆಯ ತೇವ ಬದಲಾದರೂ ಅದರ ರೀಡಿಂಗ್ ಬದಲಾಗುತ್ತದೆ. ಪ್ರಾಣದ ವಿಷಯದಲ್ಲಿ ಅದನ್ನು ನಂಬಲಾರೆ. ಆ ಆಸಿಡ್ ಅನಿಲದಿಂದ ಕೆಲವೇ ದಿನಗಳಲ್ಲಿ ಮೆಷಿನ್‌ನ ಒಳಗೆ ಲೇಸರ್ ತಲೆ ಓಡಾಡುವ ಲೋಹದ ಕಂಬಿಗಳಿಗೂ ತುಕ್ಕು ಹಿಡಿಯಿತು.

ಈಗ ಕೊಳವೆಯಲ್ಲಿ ಗಾಳಿ ಎಳೆತ ನೋಡುವ ಪ್ರೆಷರ್ ಸ್ವಿಚ್ ಇದೆ. ಬ್ಲೋವರ್ ಓಡದಿದ್ದರೆ ಲೇಸರ್ ಹೊತ್ತುವುದೇ ಇಲ್ಲ. ಏನು ವಸ್ತು ಅಂತ ಖಚಿತವಿಲ್ಲದಿದ್ದರೆ ಹೊರಗೆ ಬಯಲಿನಲ್ಲಿ ಪರೀಕ್ಷೆ: ತಾಮ್ರದ ತಂತಿ ಕೆಂಪಗೆ ಕಾಯಿಸಿ, ವಸ್ತುವಿಗೆ ಚೂರು ತಾಗಿಸಿ, ಮತ್ತೆ ಉರಿಗೆ ಹಿಡಿಯುತ್ತೇವೆ. ಜ್ವಾಲೆ ಹಸಿರಾದರೆ ಕ್ಲೋರಿನ್ ಇರಬಹುದು ಎಂದರ್ಥ, ಆ ವಸ್ತು ಒಳಗೆ ಬರುವುದಿಲ್ಲ. ಪಾಠವನ್ನು ಪಕ್ಕದ ಕೋಣೆಗೆ ಹಾಕಿದ್ದೇವೆ, ಅಲ್ಲಿ ಹಿಂದೆ ಕೂತವರಿಗೂ ಮಾತು ಚೆನ್ನಾಗಿ ಕೇಳುತ್ತದೆ.