‘ಪೂರ್ಣ ಗೋಲ್ಡ್ ಸೆಟ್’ ಕೊಳ್ಳುವ ಮೊದಲು ಕಾರ್ಡಿನ ಬೆನ್ನು ನೋಡಿ

ಬೇಸ್‌ಬಾಲ್ ಕಾರ್ಡುಗಳ ಅಪರೂಪದ ಪ್ಯಾರಲಲ್ ಸೆಟ್ಟನ್ನು ಆಲ್ಬಮ್ ಸಮೇತ ಒಂದೇ ಬೆಲೆಗೆ ಕೊಡುತ್ತೇನೆ ಎಂದು ಯಾರಾದರೂ ಮುಂದೆ ಬಂದರೆ, ಹಣ ಕಳಿಸುವ ಮೊದಲು ಪ್ರತಿಯೊಂದು ಕಾರ್ಡಿನ ಹಿಂಬದಿಯ ಚಿತ್ರವನ್ನೂ ಕೇಳಿ. ಕೆಲವನ್ನು ಕೊಟ್ಟು ಉಳಿದದ್ದಕ್ಕೆ ನೆಪ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ನ್ಯೂಜೆರ್ಸಿಯ ನಮ್ಮ ಸುತ್ತಮುತ್ತ ಕನ್ನಡದ ಮನೆಗಳಲ್ಲೇ ಕಾರ್ಡ್ ಕೂಡಿಡುವ ಮಕ್ಕಳಿದ್ದಾರೆ. ಅವರ ಹುಟ್ಟುಹಬ್ಬಕ್ಕೆ ಏನು ಕೊಡುವುದೆಂದು ಯೋಚಿಸುವ ತಂದೆತಾಯಂದಿರಿಗೆ ಇಂಥ ಆಲ್ಬಮ್ಮುಗಳು ಬಹಳ ಆಕರ್ಷಕವಾಗಿ ಕಾಣುತ್ತವೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಈ ಲೋಕ ಪರಿಚಯವಿಲ್ಲದವರಿಗೆ ಎರಡು ಮಾತು. ಆಟಗಾರರ ಚಿತ್ರವಿರುವ ಈ ಕಾರ್ಡುಗಳನ್ನು ಮುಚ್ಚಿದ ಪ್ಯಾಕುಗಳಲ್ಲಿ ಮಾರುತ್ತಾರೆ, ಒಳಗೆ ಯಾವುದಿದೆ ಎಂದು ಒಡೆಯುವ ತನಕ ತಿಳಿಯದು. ಟಾಪ್ಸ್ ಕಂಪನಿ ಪ್ರತಿವರ್ಷ ತರುವ ಮುಖ್ಯ ಸೆಟ್ ಒಂದಿದೆ. 2023ರಲ್ಲಿ ಅದರ ಮೊದಲ ಸರಣಿಯಲ್ಲಿ 330 ಕಾರ್ಡುಗಳು, ಎರಡನೆಯದರಲ್ಲಿ ಇನ್ನೂ 330. ಇವು ಬೇಸ್ ಕಾರ್ಡುಗಳು. ತಾಳ್ಮೆಯಿದ್ದರೆ ಯಾರು ಬೇಕಾದರೂ ಪೂರ್ತಿ ಮಾಡಬಹುದು. ಅದೇ ಆಟಗಾರ, ಅದೇ ಚಿತ್ರ, ಅದೇ ಸಂಖ್ಯೆ ಇಟ್ಟುಕೊಂಡು ಬಣ್ಣವನ್ನೋ ಹೊಳಪನ್ನೋ ಬದಲಿಸಿ, ಕಡಿಮೆ ಪ್ರತಿ ಅಚ್ಚು ಹಾಕಿ, ಪ್ಯಾಕುಗಳ ನಡುವೆ ಅಲ್ಲೊಂದು ಇಲ್ಲೊಂದು ಸೇರಿಸಿದ್ದು ಪ್ಯಾರಲಲ್. ಆ ವರ್ಷದ ಗೋಲ್ಡ್ ಪ್ಯಾರಲಲ್ ಪ್ರತಿ ಕಾರ್ಡಿಗೆ 2023 ಪ್ರತಿ. ಬ್ಲ್ಯಾಕ್ 72 ಪ್ರತಿ. ಜುಲೈ ನಾಲ್ಕರ ನೆನಪಿನದು 76, ತಾಯಂದಿರ ದಿನದ ಗುಲಾಬಿ 50, ಪ್ಲಾಟಿನಮ್ ಒಂದೇ ಒಂದು. ಇವುಗಳ ಮೇಲೆ ‘ಇಷ್ಟರಲ್ಲಿ ಇಷ್ಟನೆಯದು’ ಎಂದು ಕ್ರಮಸಂಖ್ಯೆ ಒತ್ತಿರುತ್ತಾರೆ. ಜೊತೆಗೆ ಸಂಖ್ಯೆಯೇ ಇಲ್ಲದ ಫಾಯಿಲ್ ಪ್ಯಾರಲಲ್‌ಗಳೂ ಇವೆ. ಅದರಲ್ಲಿ ಒಂದರ ಹೆಸರು ಗೋಲ್ಡ್ ಫಾಯಿಲ್. ಗೋಲ್ಡ್ ಬೇರೆ, ಗೋಲ್ಡ್ ಫಾಯಿಲ್ ಬೇರೆ. ಈ ಹೆಸರಿಟ್ಟ ಪುಣ್ಯಾತ್ಮ ಯಾರೋ, ವಂಚಕರಿಗೆ ದೊಡ್ಡ ಉಪಕಾರ ಮಾಡಿದ್ದಾನೆ.

ನಾನೂ ನನ್ನ ಮಗನೂ 2023ರ ಮೊದಲ ಸರಣಿಯ ಗೋಲ್ಡ್ ಸೆಟ್ ಕೂಡಿಸುತ್ತಿದ್ದೆವು. ಒಂದೊಂದು ಕಾರ್ಡಿಗೂ ಎರಡು ಸಾವಿರ ಪ್ರತಿ ಇದೆಯೆಂದರೆ ಕಷ್ಟವೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಮುಕ್ಕಾಲು ಭಾಗದವರೆಗೆ ನಿಜಕ್ಕೂ ಕಷ್ಟವಿರಲಿಲ್ಲ. ಭಾನುವಾರದ ಕಾರ್ಡ್ ಮೇಳಗಳಲ್ಲಿ ಅಗ್ಗದ ಪೆಟ್ಟಿಗೆಗಳನ್ನು ಕೆದಕಿದರೆ ಒಂದೆರಡು ಡಾಲರಿಗೆ ಗೋಲ್ಡ್ ಸಿಗುತ್ತಿತ್ತು. ಆಮೇಲೆ ನಿಂತುಹೋಯಿತು. ನಿಂತದ್ದು ಎಲ್ಲಿ ಎಂಬುದೇ ಸ್ವಾರಸ್ಯ. ತಾರಾ ಆಟಗಾರ ಆರನ್ ಜಡ್ಜ್ ಗೋಲ್ಡ್ ಬೇಕೆ, ದುಡ್ಡು ಎಣಿಸಿದರೆ ಈ ಸಂಜೆಯೇ ಸಿಗುತ್ತದೆ. ಹತ್ತಾರು ಜನ ಮಾರಲು ಕುಳಿತಿರುತ್ತಾರೆ. ಆದರೆ ಬೆಂಚಿನಲ್ಲೇ ಕಾಲ ಕಳೆಯುವ ಎರಡನೆಯ ಕ್ಯಾಚರ್, ಆರನೆಯ ಇನ್ನಿಂಗ್ಸಿನಲ್ಲಿ ಬಂದು ನಾಲ್ಕು ಚೆಂಡೆಸೆದು ಹೋಗುವ ಪಿಚರ್, ಇವರ ಗೋಲ್ಡ್ ಎಷ್ಟು ದುಡ್ಡು ಕೊಡುತ್ತೇನೆಂದರೂ ಸಿಗುವುದಿಲ್ಲ.

ಕಾರಣ ಸರಳ. ಹೆಸರಿಲ್ಲದ ಆಟಗಾರನ ಗೋಲ್ಡ್ ಕಾರ್ಡನ್ನು ಚಿತ್ರ ತೆಗೆದು ಮಾರಾಟಕ್ಕಿಟ್ಟು ಅಂಚೆಗೆ ಹಾಕುವ ಶ್ರಮಕ್ಕೆ ತಕ್ಕ ಬೆಲೆ ಯಾರಿಗೂ ಬರುವುದಿಲ್ಲ. ಹಾಗಾಗಿ ಅದು ಯಾವುದೋ ನೆಲಮಾಳಿಗೆಯ ರಟ್ಟಿನ ಪೆಟ್ಟಿಗೆಯಲ್ಲಿ ಬೇಸ್ ಕಾರ್ಡುಗಳ ನಡುವೆ ಮಲಗಿರುತ್ತದೆ. ಒಂದಷ್ಟು ಪಾಲು ಒಡೆಯದ ಬಾಕ್ಸುಗಳಲ್ಲಿದೆ. ಇನ್ನೊಂದಷ್ಟು ತಂಡವಾರು ಕೂಡಿಡುವವರ ಬಳಿ. ಪಿಟ್ಸ್‌ಬರ್ಗ್ ತಂಡದ ಭಕ್ತ ಪಿಟ್ಸ್‌ಬರ್ಗಿನ ಗೋಲ್ಡನ್ನು ಬಿಟ್ಟುಕೊಡುವುದಿಲ್ಲ. ಒಬ್ಬನೇ ಆಟಗಾರನ ಒಂದೇ ಕಾರ್ಡಿನ ಎಲ್ಲ ಬಣ್ಣಗಳನ್ನೂ ಸೇರಿಸಿ ‘ರೇನ್‌ಬೋ’ ಕಟ್ಟುವವರು ಬೇರೆ. ಒಬ್ಬನ ಕಾರ್ಡನ್ನು ಸಿಕ್ಕಷ್ಟೂ ಬಾಚಿಕೊಳ್ಳುವವರೂ ಇದ್ದಾರೆ. ಮೊದಲ ಸರಣಿಯ ಗೋಲ್ಡ್ ಒಟ್ಟು 6,67,590 ಕಾರ್ಡುಗಳು, ಸರಿ. ಆದರೆ ಎಷ್ಟು ಪೂರ್ಣ ಸೆಟ್ ಆಗಬಲ್ಲವು ಎಂಬುದನ್ನು ನಿರ್ಧರಿಸುವುದು ಆ ಮೊತ್ತವಲ್ಲ. 330ರಲ್ಲಿ ಯಾವುದು ಕೈಗೆ ಸಿಗುವಂತೆ ಅತಿ ಕಡಿಮೆ ಇದೆಯೋ ಆ ಒಂದು ಕಾರ್ಡು. ಸೆಟ್ ಕೂಡಿಸುವವನ ಹಸಿವು ಕೊನೆಯ ಹತ್ತು ಹದಿನೈದು ಕಾರ್ಡುಗಳಲ್ಲಿ ನೆತ್ತಿಗೇರುತ್ತದೆ. ವಂಚಕನಿಗೆ ಬೇಕಾದದ್ದೂ ಆ ಹಸಿವೇ.

ನಮ್ಮ ಬೇಕಾದ ಕಾರ್ಡುಗಳ ಪಟ್ಟಿ ನೋಡಿ ಒಬ್ಬ ಮಾರಾಟಗಾರ ಸಂಪರ್ಕಿಸಿದ. ಬಿಡಿಬಿಡಿಯಾಗಿ ಕೊಡುವುದಿಲ್ಲ, ಇಡೀ ಸೆಟ್ ಇದೆ, ಆಲ್ಬಮ್ಮಿನಲ್ಲೇ ಕೊಡುತ್ತೇನೆ ಎಂದ. ಪುಟಗಳ ಚಿತ್ರ ಕಳಿಸಿದ. ಹಿಂಬದಿ ಕೇಳಿದಾಗ ದೊಡ್ಡ ಆಟಗಾರರದ್ದನ್ನೆಲ್ಲ ತಡಮಾಡದೆ ಕಳಿಸಿದ. ಆಡ್ಲಿ ರಚ್‌ಮನ್ ರೂಕಿ (ಮೊದಲ ವರ್ಷದ) ಕಾರ್ಡಿನ ಮೇಲೆ ಕ್ರಮಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು. ಉಳಿದದ್ದನ್ನು ಹೊರತೆಗೆದರೆ ಮೂಲೆಗಳು ಸವೆಯುತ್ತವೆ, 330ಕ್ಕೂ ಕ್ರಮಸಂಖ್ಯೆ ಇದೆಯೆಂದು ಬರೆದುಕೊಡುತ್ತೇನೆ ಎಂದ. ಬರೆದೂ ಕೊಟ್ಟ. ಮೂಲೆ ಸವೆಯುವ ಭಯ ಈ ಹವ್ಯಾಸದಲ್ಲಿ ನಿಜವಾದದ್ದೇ. ಆದ್ದರಿಂದಲೇ ಅದು ಒಳ್ಳೆಯ ನೆಪ.

ಆಲ್ಬಮ್ ಬಂತು. ಪುಟಕ್ಕೆ ಒಂಬತ್ತು ಜೇಬು, ಒಂದೊಂದು ಜೇಬಿನಲ್ಲಿ ಎರಡೆರಡು ಕಾರ್ಡು, ಬೆನ್ನಿಗೆ ಬೆನ್ನು. ಹೀಗೆ ಇಟ್ಟರೆ ಪುಟದ ಎರಡೂ ಕಡೆ ಆಟಗಾರರ ಮುಖವೇ ಕಾಣುತ್ತದೆ, ಕ್ರಮಸಂಖ್ಯೆ ಒಳಗಡೆ ಅಡಗುತ್ತದೆ. ಜಾಗ ಉಳಿಸಲು ಅನೇಕರು ಹೀಗೆ ಇಡುವುದುಂಟು, ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಒಂದೊಂದಾಗಿ ಹೊರತೆಗೆದು ಮಗುಚಿದಾಗ ಬಣ್ಣ ಬಯಲಾಯಿತು. ಮೊದಲ ಕೆಲವು ಪುಟಗಳು ಸರಿ. ನಂತರ ಸಂಖ್ಯೆಯಿಲ್ಲದ ಗೋಲ್ಡ್ ಫಾಯಿಲ್‌ಗಳು ಶುರುವಾದವು. ಕೊನೆಯ ಪುಟಗಳಲ್ಲಿ ಕೆಲವು ಜೇಬುಗಳಲ್ಲಿ ಬರೀ ಬೇಸ್ ಕಾರ್ಡು. ರಚ್‌ಮನ್ ಇದ್ದ, ಕ್ರಮಸಂಖ್ಯೆಯೂ ಇತ್ತು, ಆದರೆ ಚಿತ್ರದಲ್ಲಿ ತೋರಿಸಿದ ಸಂಖ್ಯೆ ಅದಲ್ಲ. ಮೂಲೆ ಮಡಚಿದ ಬೇರೆ ಪ್ರತಿ.

ಕೇಳಿದ್ದಕ್ಕೆ ಅವನ ಉತ್ತರ, ನೀವೇ ಬದಲಾಯಿಸಿದ್ದೀರಿ ಎಂದು. ಇಂಥ ಜಗಳದಲ್ಲಿ ಸಾಮಾನ್ಯವಾಗಿ ಕೊಂಡವರ ಕೈಯಲ್ಲಿ ಸಾಕ್ಷ್ಯ ಇರುವುದಿಲ್ಲ. ನಮಗೆ ಎರಡು ಸಂಗತಿಗಳು ನೆರವಾದವು. ಪಾರ್ಸೆಲ್ ಬಿಚ್ಚುವುದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸುವುದು ಮಗನ ಚಾಳಿ. ನನಗೆ ಅದರಿಂದ ಸದಾ ಕಿರಿಕಿರಿ, ಅವತ್ತು ಮಾತ್ರ ಏನೂ ಹೇಳಲಿಲ್ಲ. ಇನ್ನೊಂದು, ಕ್ರಮಸಂಖ್ಯೆಯೇ. ಬೇಸ್ ಕಾರ್ಡಿಗೆ ಗುರುತಿಲ್ಲ, ಲಕ್ಷಗಟ್ಟಲೆ ಒಂದೇ ಥರ. ಸಂಖ್ಯೆ ಒತ್ತಿದ ಕಾರ್ಡು ಜಗತ್ತಿನಲ್ಲಿ ಅದೊಂದೇ. ಅವನೇ ಕಳಿಸಿದ್ದ ಚಿತ್ರದ ರಚ್‌ಮನ್ ಬೇರೊಂದು ಖಾತೆಯಿಂದ ಅದೇ ಸಂಖ್ಯೆಯೊಂದಿಗೆ ಮಾರಾಟಕ್ಕೆ ಬಂದದ್ದನ್ನು ಮಗ ಹುಡುಕಿ ತೆಗೆದ. “ಅಮ್ಮ, ನಮಗೆ ತೋರಿಸಿದ್ದು ಇದೇ ಕಾರ್ಡು” ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಆ ಎರಡು ಚಿತ್ರ ಕೊಟ್ಟ ಮೇಲೆ ನಮ್ಮ ದೂರು ಮುಂದಕ್ಕೆ ಸರಿಯಿತು. ಮಾರಾಟಕ್ಕಿಟ್ಟ ಯಾವುದೇ ಕ್ರಮಸಂಖ್ಯೆಯ ಕಾರ್ಡಿನ ಚಿತ್ರವನ್ನು ಹಣ ಕೊಡುವ ಮೊದಲೇ ಉಳಿಸಿಟ್ಟುಕೊಳ್ಳಿ. ಜಾಹೀರಾತು ಮಾಯವಾಗಲು ಒಂದು ಗಳಿಗೆ ಸಾಕು.

ಹಣ ವಾಪಸು ಬಂತು, ಆದರೆ ಇಡೀ ಆಲ್ಬಮ್ ಮರಳಿಸಬೇಕೆಂಬ ಷರತ್ತಿನ ಮೇಲೆ. ಅದರಲ್ಲಿ ನಿಜವಾದ ಗೋಲ್ಡ್‌ಗಳೂ ಇದ್ದವಲ್ಲ! ಎಷ್ಟೋ ಸಮಯದಿಂದ ಹುಡುಕುತ್ತಿದ್ದ ಮೂವರು ಅನಾಮಧೇಯರು, ಅಸಲಿ ಕ್ರಮಸಂಖ್ಯೆ ಹೊತ್ತು, ನಮ್ಮ ಊಟದ ಮೇಜಿನ ಮೇಲೆ ಮಲಗಿದ್ದರು. ಅವುಗಳ ಬೆಲೆ ಕೊಡುತ್ತೇನೆ, ಅಷ್ಟನ್ನಾದರೂ ಬಿಟ್ಟುಕೊಡು ಎಂದೆ. ಒಪ್ಪಲಿಲ್ಲ. ಆ ಮೂರೇ ಅವನ ಗಾಳದ ಹುಳ, ಹೇಗೆ ಬಿಟ್ಟಾನು? ಮಗ ಅವನ್ನು ಮತ್ತೆ ಜೇಬಿಗೆ ಸೇರಿಸಿ ಕೊಟ್ಟ. ನಷ್ಟದ ಲೆಕ್ಕದಲ್ಲಿ ನನಗೆ ಇಂದಿಗೂ ಹೊಟ್ಟೆಯುರಿಸುವುದು ಅದೊಂದೇ. ಅಂಚೆ ವೆಚ್ಚ ಕೈಬಿಟ್ಟದ್ದು ದೊಡ್ಡದಲ್ಲ.

ಪೇಪಾಲ್‌ನಲ್ಲಿ ಹಣ ಕಳಿಸುವಾಗ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ದಾರಿಯನ್ನು ಆರಿಸಿದರೆ ಶುಲ್ಕ ಉಳಿಯುತ್ತದೆ, ಬೆಲೆಯಲ್ಲಿ ಅಷ್ಟು ಕಡಿಮೆ ಮಾಡುತ್ತೇನೆ ಎಂದೂ ಅವನು ಹೇಳಿದ್ದ. ಆ ದಾರಿಯಲ್ಲಿ ಕೊಂಡವರಿಗೆ ರಕ್ಷಣೆಯಿಲ್ಲ. ಅದಕ್ಕೆ ಒಪ್ಪದೆ ಇದ್ದುದರಿಂದಲೇ ಹಣ ಮರಳಿತು.

ಇಷ್ಟಕ್ಕೂ ಈ ಅವಸ್ಥೆ ಹೇಗೆ ಬಂತು? ಕೊರತೆ ಬೇಸ್‌ಬಾಲ್ ಕಾರ್ಡುಗಳಿಗೆ ಹೊಸದಲ್ಲ. 1952ರ ಟಾಪ್ಸ್ ಸೆಟ್ಟಿನಲ್ಲಿ 407 ಕಾರ್ಡುಗಳು. 311ರಿಂದ ಮುಂದಿನವು ತಡವಾಗಿ ಅಂಗಡಿಗೆ ಬಂದು ಮಾರಾಟವಾಗದೆ ಉಳಿದವು, ಉಳಿದ ದಾಸ್ತಾನನ್ನು 1960ರ ಹೊತ್ತಿಗೆ ಕಂಪನಿಯೇ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಯಿತು. ಆ 311ನೆಯದು ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್‌ನದು. ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆದರೆ ಅದು ವ್ಯಾಪಾರದ ಎಡವಟ್ಟಿನಿಂದ ಆದ ಕೊರತೆ. ಈಗಿನದು ಕಾರ್ಖಾನೆಯಲ್ಲಿ ಅಳೆದು ತಯಾರಿಸಿದ್ದು. 1992ರಲ್ಲಿ ಟಾಪ್ಸ್ ತನ್ನ 792 ಕಾರ್ಡುಗಳ ಸೆಟ್ಟಿಗೆ ಗೋಲ್ಡ್ ಸೇರಿಸಿತು. ಮರುವರ್ಷ ಫೈನೆಸ್ಟ್ ಎಂಬ 199 ಕಾರ್ಡುಗಳ ಸೆಟ್ಟಿನಲ್ಲಿ ಕಾಮನಬಿಲ್ಲಿನಂತೆ ಹೊಳೆಯುವ ರಿಫ್ರ್ಯಾಕ್ಟರ್ ಬಂತು. 1997ರಲ್ಲಿ ಫ್ಲೀರ್ ಕಂಪನಿಯ ಫ್ಲೇರ್ ಷೋಕೇಸ್ ಸೆಟ್ಟಿನಲ್ಲಿ ಪ್ರತಿ ಕಾರ್ಡಿಗೂ ಒಂದೊಂದೇ ಪ್ರತಿಯ ಪ್ಯಾರಲಲ್. ಅಲ್ಲಿಗೆ ಗಣಿತ ತನ್ನ ಮಾತು ಹೇಳಿತ್ತು: ಅಂಥದರ ಪೂರ್ಣ ಸೆಟ್ ಇಡೀ ಜಗತ್ತಿನಲ್ಲಿ ಹೆಚ್ಚೆಂದರೆ ಒಬ್ಬರಿಗೆ. 2010ರಿಂದ ಮೇಜರ್ ಲೀಗ್ ಎಂಬ ಅಗ್ರ ಬೇಸ್‌ಬಾಲ್ ಕೂಟದ ತಂಡಗಳ ಲಾಂಛನ ಬಳಸುವ ಹಕ್ಕು ಟಾಪ್ಸ್ ಒಂದಕ್ಕೇ ಉಳಿಯಿತು. 2022ರಲ್ಲಿ ಕ್ರೀಡಾ ಸರಕಿನ ಕಂಪನಿ ಫನಾಟಿಕ್ಸ್ ಆ ಟಾಪ್ಸನ್ನೂ ಕೊಂಡಿತು. ಎದುರಾಳಿಯಿಲ್ಲದ ಕಂಪನಿ ಹೊಸ ಸರಕು ತರಬೇಕೆಂದರೆ ಇದ್ದ ಕಾರ್ಡಿಗೇ ಇನ್ನೊಂದು ಬಣ್ಣ ಬಳಿಯುತ್ತದೆ.

ಕಂಪನಿಯನ್ನು ಬೈಯುವುದರಿಂದ ಏನೂ ಆಗುವುದಿಲ್ಲ, ಕೊಳ್ಳುವವರು ಇದ್ದಾರೆ. ಪಾಲ್ ಸ್ಕೀನ್ಸ್ ಎಂಬ ಪಿಟ್ಸ್‌ಬರ್ಗ್ ಪಿಚರನ ಮೊದಲ ಪಂದ್ಯದ ಅಂಗಿಯ ಪಟ್ಟಿ ಅಂಟಿಸಿದ ಒಂದೇ ಪ್ರತಿಯ ಕಾರ್ಡು ಹನ್ನೊಂದು ವರ್ಷದ ಹುಡುಗನಿಗೆ ಪ್ಯಾಕಿನಲ್ಲಿ ಸಿಕ್ಕಿ, 2025ರ ಮಾರ್ಚಿನಲ್ಲಿ ಹನ್ನೊಂದು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಇಂಥ ಸುದ್ದಿ ಕೇಳಿದವರು ಪ್ಯಾಕ್ ಒಡೆಯುವುದು ಸೆಟ್ ಮಾಡಲು ಅಲ್ಲ. ‘ಬ್ರೇಕ್’ ಎಂಬ ನೇರಪ್ರಸಾರದ ವ್ಯಾಪಾರದಲ್ಲಿ ಬಾಕ್ಸುಗಳನ್ನು ಒಡೆದು ತಂಡವಾರು ಪಾಲು ಹಂಚುತ್ತಾರೆ. ಹಲವು ಕಡೆ ಬೆಲೆಬಾಳುವ ಕಾರ್ಡನ್ನು ಮಾತ್ರ ಕಳಿಸಿ, ಬೇಸನ್ನು ಕಳಿಸುವುದೇ ಇಲ್ಲ. ಸೆಟ್ ಕೂಡಿಸುವವನಿಗೆ ಅನ್ನವಾದದ್ದು ಅಲ್ಲಿ ಹೊಟ್ಟು. ಮಕ್ಕಳಿಗೆ ಬ್ರೇಕಿನಲ್ಲಿ ಪಾಲು ಕೊಡಿಸುವ ಮೊದಲು, ಏನು ಕಳಿಸುತ್ತೀರಿ ಎಂದು ಕೇಳಿ.

ಹಳೆಯ ಸೆಟ್ಟುಗಳಲ್ಲೂ ಇದೇ ಕೈಚಳಕ ನಡೆಯುತ್ತದೆ. 1992ರ ಗೋಲ್ಡ್‌ನಲ್ಲಿ ಎರಡು ಬಗೆ: ಪ್ಯಾಕಿನಲ್ಲಿ ಬಂದದ್ದು ಒಂದು, ಗೀಚಿ ಗೆಲ್ಲುವ ಆಟದ ಚೀಟಿ ಕಳಿಸಿದವರಿಗೆ ಬಹುಮಾನವಾಗಿ ಕೊಟ್ಟದ್ದು ಇನ್ನೊಂದು. ಎರಡನೆಯದರ ಮೇಲೆ ‘ವಿನ್ನರ್’ ಎಂದು ಒತ್ತಿರುತ್ತದೆ, ಅದು ಹೆಚ್ಚು ಸಿಗುತ್ತದೆ, ಬೆಲೆಯೂ ಕಡಿಮೆ. ಗೋಲ್ಡ್ ಎಂದು ಮಾರುವ ಸೆಟ್ಟಿನೊಳಗೆ ವಿನ್ನರ್ ಬೆರೆತಿದೆಯೇ ನೋಡಿ. ಬೇಸ್ ಸೆಟ್ಟಿನಲ್ಲಿ ಆಟಗಾರರ ಬದಲು ಸೆಟ್ಟಿನ ಕಾರ್ಡುಗಳ ಪಟ್ಟಿಯನ್ನು ಅಚ್ಚು ಹಾಕಿದ ಕಾರ್ಡುಗಳಿದ್ದ ಆರು ಸಂಖ್ಯೆಗಳಿಗೆ ಗೋಲ್ಡ್‌ನಲ್ಲಿ ಆಟಗಾರರನ್ನು ಹಾಕಿದ್ದಾರೆ. 131, 264, 366, 527, 658, 787. ಆ ಆರನ್ನು ಮೊದಲು ತೋರಿಸಿ ಎಂದು ಕೇಳಿದರೆ ಮಾರುವವನ ಬಂಡವಾಳ ಅರ್ಧ ತಿಳಿದುಹೋಗುತ್ತದೆ.

ಈಗಿನ ಸೆಟ್ಟುಗಳಲ್ಲಿ ‘ಮಾಸ್ಟರ್ ಸೆಟ್’ ಎಂಬ ಮಾತು ಕಂಡರೆ ಅದರೊಳಗೆ ಏನೇನಿದೆ ಎಂದು ಬರೆಸಿಕೊಳ್ಳಿ. ಆ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಅದೇ ಸಂಖ್ಯೆಗೆ ಬೇರೆ ಚಿತ್ರ ಹಾಕಿದ ಅಪರೂಪದ ಕಾರ್ಡುಗಳೂ ಇರುತ್ತವೆ. ಅವನ್ನು ಚಿತ್ರದಿಂದ ಗುರುತಿಸಲಾಗದಿದ್ದರೆ ಹಿಂಬದಿಯ ಕೆಳಗೆ ಸೂಜಿಮೊನೆಯಷ್ಟು ಅಕ್ಷರದಲ್ಲಿ ಅಚ್ಚಾದ ಕೋಡ್ ನೋಡಬೇಕು. ಬೇಸಿನದಕ್ಕೂ ಇದಕ್ಕೂ ಕೊನೆಯ ಅಂಕಿಗಳು ಬೇರೆ. ಭೂತಗನ್ನಡಿ ಇಲ್ಲದೆ ನನಗಂತೂ ಕಾಣುವುದಿಲ್ಲ.

ಮಗ ಗೋಲ್ಡ್ ಸೆಟ್ ಬಿಟ್ಟಿಲ್ಲ. ಹೆಸರಿಲ್ಲದ ಆಟಗಾರರ ಗೋಲ್ಡ್ ಯಾರಲ್ಲಾದರೂ ಇದ್ದರೆ ಅದಕ್ಕೆ ಬದಲಾಗಿ ತನ್ನಲ್ಲಿರುವ ಬೇರೆ ಪ್ಯಾರಲಲ್ ಕೊಡುತ್ತೇನೆ ಎಂದು ಮೇಳಗಳಲ್ಲಿ ಚೀಟಿ ಹಂಚುತ್ತಾನೆ. ಒಂದಕ್ಕೊಂದು ಕಾರ್ಡು ಕೈಯಲ್ಲಿ ಹಿಡಿದು ಬದಲಾಯಿಸಿಕೊಳ್ಳುವಾಗ ಮಗುಚಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾವು ಮರಳಿಸಿದ ಆಲ್ಬಮ್ ಈಗ ಮತ್ತೆ ಮಾರಾಟಕ್ಕೆ ಬಂದಿದೆ. ಖಾತೆಯ ಹೆಸರು ಬೇರೆ, ಹೇಳುವ ರಾಜ್ಯ ಬೇರೆ, ಪುಟಗಳ ಚಿತ್ರ ಮಾತ್ರ ಅವೇ: ಮೊದಲ ಪುಟದ ಕೆಳಸಾಲಿನ ಬಲಗಡೆಯ ಜೇಬಿನ ಅಂಚು ಹರಿದಿದೆ, ಮೇಲೆ ದೀಪದ ಬಿಳಿ ಪ್ರತಿಫಲನ ಬಿದ್ದಿದೆ. ದೂರು ಕೊಟ್ಟಿದ್ದೇನೆ, ಇದನ್ನು ಬರೆಯುವ ಹೊತ್ತಿಗೆ ಜಾಹೀರಾತು ಇನ್ನೂ ಅಲ್ಲೇ ಇದೆ. ನಿಮಗೂ ಕಂಡರೆ ಕೊನೆಯ ನಾಲ್ಕು ಪುಟಗಳ ಕಾರ್ಡುಗಳನ್ನೇ ಹೊರತೆಗೆದು, ಬೆನ್ನು ಮೇಲೆ ಮಾಡಿ ಮೇಜಿನ ಮೇಲೆ ಜೋಡಿಸಿ, ಇವತ್ತಿನ ದಿನಾಂಕ ಬರೆದ ಚೀಟಿಯೊಂದಿಗೆ ಚಿತ್ರ ಕಳಿಸಲು ಹೇಳಿ.