ಕಥೆ ಬರೆಯುವ ವಿದ್ಯಾರ್ಥಿಗೆ ಐಇಎಲ್‌ಟಿಎಸ್ ಪರೀಕ್ಷೆ: ಒಂದು ವಿಮರ್ಶೆ

ಸೃಜನಶೀಲ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ವಿದೇಶಕ್ಕೆ ಹೋಗಬೇಕೆಂದು ಬಯಸುವ ಕನ್ನಡದ ವಿದ್ಯಾರ್ಥಿ ಆ ದಾರಿಯಲ್ಲಿ ಮಾಡುವ ಮೊದಲ ದೊಡ್ಡ ಖರ್ಚು ಬಹುಮಟ್ಟಿಗೆ ಇಂಗ್ಲಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯದೇ ಆಗಿರುತ್ತದೆ. ಅದರ ಶುಲ್ಕ ಈಗ 18,000 ರೂಪಾಯಿಯ ಆಸುಪಾಸಿನಲ್ಲಿದೆ; ಹಾಸ್ಟೆಲಿನಲ್ಲಿರುವವರಿಗೆ ಇದು ಹಲವು ತಿಂಗಳುಗಳ ಮೆಸ್ ಬಿಲ್. ಹೀಗೆ ಪಡೆದ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯಗಳು ಎರಡು ವರ್ಷದವರೆಗೆ ಮಾತ್ರ ಮಾನ್ಯ ಮಾಡುತ್ತವೆ. ಆದ್ದರಿಂದ ಇದನ್ನು ಹಣ ಕೊಟ್ಟು ಪಡೆಯುವ ಸೇವೆಯೆಂದೇ ಪರಿಗಣಿಸಿ, ಯಾವ ಭಾಗ ನಮಗೆ ಉಪಯುಕ್ತ, ಯಾವ ಭಾಗವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ನೋಡುವುದು ಸರಿಯೆನಿಸುತ್ತದೆ. ನಾನು ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ, ಕಥೆ ಬರೆಯುವುದು ಕನ್ನಡದಲ್ಲಿ. ಕಂಪ್ಯೂಟರ್ ಮಾದರಿಯ ಅಕಾಡೆಮಿಕ್ (ವಿಶ್ವವಿದ್ಯಾಲಯ ಸೇರುವವರಿಗಾಗಿ ಇರುವ) ಪರೀಕ್ಷೆಯನ್ನು ಬೆಂಗಳೂರಿನ ಕೇಂದ್ರವೊಂದರಲ್ಲಿ ಬರೆದೆ.

1989ರಲ್ಲಿ ಆರಂಭವಾದ ಈ ಪರೀಕ್ಷೆಯ ಒಡೆತನ ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಡ್ಜ್ ಸಂಸ್ಥೆಗಳದ್ದು. ಭಾರತದಲ್ಲಿ 2021ರಿಂದ ಇದನ್ನು ನಡೆಸುವ ಹೊಣೆ ಐಡಿಪಿಯದು. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೂ ಸೊನ್ನೆಯಿಂದ 9ರವರೆಗೆ ಬ್ಯಾಂಡ್, ಅಂದರೆ ದರ್ಜೆ, ಕೊಟ್ಟು, ಸರಾಸರಿಯನ್ನು ಅರ್ಧ ಅಥವಾ ಪೂರ್ಣ ಬ್ಯಾಂಡಿಗೆ ಹೊಂದಿಸುತ್ತಾರೆ. ಸೃಜನಶೀಲ ಬರವಣಿಗೆಯ ಕೋರ್ಸ್‌ಗಳು ಸಾಮಾನ್ಯವಾಗಿ 7 ಅಥವಾ ಅದಕ್ಕಿಂತ ಹೆಚ್ಚಿನ ಬ್ಯಾಂಡ್ ಕೇಳುತ್ತವೆ; ಎಂಜಿನಿಯರಿಂಗ್ ಓದಲು ಹೋಗುವ ಗೆಳೆಯರಿಗೆ ಹಲವು ಕಡೆ 6.5 ಸಾಕಾಗುತ್ತದೆ. ಈ ಅರ್ಧ ಬ್ಯಾಂಡಿನ ಅಂತರ ಕೇಳಲು ಚಿಕ್ಕದಾದರೂ, ತಯಾರಿಗೆ ಬೇಕಾಗುವ ಸಮಯದಲ್ಲಿ ಅದು ದೊಡ್ಡದೇ.

ಆಲಿಸುವಿಕೆಯ ಭಾಗ ನನಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಉಪಯುಕ್ತವೆನಿಸಿತು. ಸುಮಾರು 30 ನಿಮಿಷ, 40 ಪ್ರಶ್ನೆ, ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ. ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಹೀಗೆ ಹಲವು ಉಚ್ಚಾರಣೆಗಳು ಬರುತ್ತವೆ. ಮೂರನೆಯ ಭಾಗದಲ್ಲಿ ವಿದ್ಯಾರ್ಥಿಗಳು ತಮ್ಮ ಓದಿನ ವಿಷಯವನ್ನು ತಮ್ಮೊಳಗೋ ಅಧ್ಯಾಪಕರೊಡನೆಯೋ ಚರ್ಚಿಸುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಮೊದಲು ಒಪ್ಪಿದವರು ಕೊನೆಗೆ ಮನಸ್ಸು ಬದಲಿಸುತ್ತಾರೆ. ನಮ್ಮವರ ಬಾಯಲ್ಲೇ ಇಂಗ್ಲಿಷ್ ಪಾಠ ಕೇಳಿ ಬೆಳೆದ ನಮಗೆ ಇದನ್ನು ಹಿಂಬಾಲಿಸುವುದು ಸುಲಭವಲ್ಲ, ಆದರೆ ಬರವಣಿಗೆಯ ಕಮ್ಮಟಕ್ಕೆ ಹೋಗುವವರಿಗೆ ಅತ್ಯಗತ್ಯವಾಗಿ ಬೇಕಾದದ್ದು ಇದೇ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಕಮ್ಮಟದಿಂದ ಎಲ್ಲೆಡೆ ಹಬ್ಬಿದ ಪದ್ಧತಿಯಲ್ಲಿ, ಒಬ್ಬರ ಕಥೆಯ ಬಗ್ಗೆ ಉಳಿದವರೆಲ್ಲ ಮಾತನಾಡುವಾಗ ಬರೆದವರು ಅನೇಕ ಕಡೆ ಸುಮ್ಮನೆ ಕುಳಿತು ಕೇಳಬೇಕಾಗುತ್ತದೆ. ತನ್ನದೇ ಕಥೆಯ ಬಗ್ಗೆ ಹತ್ತು ಮಂದಿ ವೇಗವಾಗಿ ಆಡುವ ಮಾತಿನಲ್ಲಿ ಅರ್ಧ ತಪ್ಪಿಹೋದರೆ ಅಲ್ಲಿಗೆ ಹೋಗಿ ಕೂತ ಪ್ರಯೋಜನವೂ ಅರ್ಧವಾಗುತ್ತದೆ. ಈ ಭಾಗಕ್ಕೆಂದು ಪ್ರತಿದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯುತ್ತ ಬೇರೆ ಬೇರೆ ದೇಶದವರ ಇಂಗ್ಲಿಷ್ ಸಂದರ್ಶನಗಳನ್ನು ಕೇಳುವ ರೂಢಿ ಮಾಡಿಕೊಂಡೆ. ಪರೀಕ್ಷೆ ಮುಗಿದ ಮೇಲೂ ಅದನ್ನು ಬಿಟ್ಟಿಲ್ಲ.

ಓದಿನ ಭಾಗ ಒಂದು ಗಂಟೆಯದು: ಮೂರು ದೀರ್ಘ ಲೇಖನಗಳು, 40 ಪ್ರಶ್ನೆಗಳು. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಎಚ್ಚರವಾಗಿರಬೇಕಾದ ಒಂದು ಬಗೆಯ ಪ್ರಶ್ನೆಯಿದೆ. ಕೊಟ್ಟ ಹೇಳಿಕೆ ಸರಿಯೇ, ತಪ್ಪೇ ಅಥವಾ ಲೇಖನದಲ್ಲಿ ಆ ಬಗ್ಗೆ ಏನೂ ಹೇಳಿಲ್ಲವೇ ಎಂದು ಗುರುತಿಸಬೇಕು. ಸಾಲುಗಳ ನಡುವೆ ಇರುವುದನ್ನು ಊಹಿಸಿ ಓದುವುದೇ ನಮ್ಮ ತರಬೇತಿಯಾದ್ದರಿಂದ, ಲೇಖಕರು ಹೇಳದೇ ಬಿಟ್ಟದ್ದನ್ನೂ ಹೇಳಿದ್ದಾರೆಂದು ನಮ್ಮ ಮನಸ್ಸು ತುಂಬಿಕೊಂಡುಬಿಡುತ್ತದೆ. ಲೇಖನದಲ್ಲಿ ಇರುವಷ್ಟನ್ನೇ ಓದು, ಒಂದು ಎಳೆಯನ್ನೂ ಸೇರಿಸಬೇಡ ಎನ್ನುವ ಈ ಶಿಸ್ತು ನನಗೆ ಕಷ್ಟವಾದರೂ ಹಿಡಿಸಿತು. ವಿಮರ್ಶೆಯ ಪ್ರಬಂಧ ಬರೆಯುವಾಗಲೂ ಅದು ಕೆಲಸಕ್ಕೆ ಬರುತ್ತಿದೆ.

ಬರವಣಿಗೆಯ ಭಾಗದ ಬಗ್ಗೆ ಹೆಚ್ಚು ಹೇಳಬೇಕು. ಒಂದು ಗಂಟೆಯಲ್ಲಿ ಎರಡು ಬರಹ. ಮೊದಲನೆಯದರಲ್ಲಿ ನಕ್ಷೆ, ಕೋಷ್ಟಕ, ಗ್ರಾಫ್ ಅಥವಾ ಒಂದು ಪ್ರಕ್ರಿಯೆಯ ಚಿತ್ರವನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಎರಡನೆಯದರಲ್ಲಿ ಕೊಟ್ಟ ವಿಷಯದ ಮೇಲೆ ಕನಿಷ್ಠ 250 ಪದಗಳ ಪ್ರಬಂಧ ಬರೆಯಬೇಕು. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ಬೆಲೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ವಿಚಾರಗಳು ಒಂದರಿಂದ ಒಂದಕ್ಕೆ ಕೂಡಿಕೊಂಡು ಹೋಗುತ್ತವೆಯೇ, ಪದಸಂಪತ್ತು ಎಷ್ಟು, ವ್ಯಾಕರಣ ಎಷ್ಟು ವಿಸ್ತಾರ ಮತ್ತು ಎಷ್ಟು ಸರಿ ಎಂಬ ನಾಲ್ಕು ಅಂಶಗಳಿಗೆ ಸಮಾನ ತೂಕ ಕೊಡುತ್ತಾರೆ. ಪ್ರತಿ ಬ್ಯಾಂಡಿಗೂ ಏನನ್ನು ನಿರೀಕ್ಷಿಸುತ್ತಾರೆಂಬುದನ್ನು ಸಂಸ್ಥೆಯೇ ಬಹಿರಂಗವಾಗಿ ಪ್ರಕಟಿಸಿದೆ. ಈ ಪಾರದರ್ಶಕತೆ ನನಗೆ ತುಂಬ ಮೆಚ್ಚುಗೆಯಾದ ಗುಣ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆಗಳಲ್ಲಿ ಪ್ರಬಂಧವೊಂದಕ್ಕೆ ಹದಿನೈದರಲ್ಲಿ ಒಂಬತ್ತು ಬಂದರೆ ಉಳಿದ ಆರು ಎಲ್ಲಿ ಹೋಯಿತೆಂದು ತಿಳಿಯುವ ದಾರಿಯೇ ಎಷ್ಟೋ ಸಲ ಇರುವುದಿಲ್ಲ.

ಆದರೆ ಈ ನಾಲ್ಕು ಅಂಶಗಳಲ್ಲಿ ಕಥೆಗಾರರಿಗೆ ಮುಖ್ಯವಾದ ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ. ಪ್ರಬಂಧದಲ್ಲಿ ನಿಮ್ಮ ನಿಲುವು ಮೊದಲಿನಿಂದಲೇ ಸ್ಪಷ್ಟವಾಗಿರಬೇಕು, ಕಾರಣ ಮತ್ತು ಉದಾಹರಣೆ ಬೆನ್ನಿಗೇ ಬರಬೇಕು. ಕಥೆಯಲ್ಲಿ ನಿಲುವನ್ನು ಪಾತ್ರದ ನಡೆಯೊಳಗೆ ಬಚ್ಚಿಟ್ಟು ಓದುಗರಿಗೆ ಬಿಡುತ್ತೇವೆ. ಗ್ರಾಫಿನ ವಿವರಣೆಯಲ್ಲಿ ಸ್ವಂತ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಇದು ಪರೀಕ್ಷೆಯ ದೋಷವಲ್ಲ. ಇಂಗ್ಲಿಷಿನಲ್ಲಿ ಪಾಠ ನಡೆಯುವ ವಿಶ್ವವಿದ್ಯಾಲಯದಲ್ಲಿ ನೀವು ಕೆಲಸ ಸಾಗಿಸಬಲ್ಲಿರಾ ಎಂಬುದಷ್ಟೇ ಅದರ ಪ್ರಶ್ನೆ. ನನ್ನ ಆತಂಕ ಬೇರೆಯದು. ನಮ್ಮಲ್ಲಿ ಚೆನ್ನಾಗಿ ಕಥೆ ಬರೆಯುವವರು ಕೂಡ, ನಾಲ್ಕರಲ್ಲಿ ಬರವಣಿಗೆಯ ಬ್ಯಾಂಡೇ ಕಡಿಮೆಯಾದುದನ್ನು ನೋಡಿ, ತಾವು ಬರಹಗಾರರೇ ಅಲ್ಲವೇನೋ ಎಂದು ಕುಗ್ಗಿಹೋಗುತ್ತಾರೆ. ಹಾಗೆ ಕುಗ್ಗಲು ಕಾರಣವೇ ಇಲ್ಲ. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆರಂಭವಾದ ಸೃಜನಶೀಲ ಬರವಣಿಗೆಯ ಎಂ.ಎ. ಇರಲಿ, ಅಮೆರಿಕದ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಕೋರ್ಸ್‌ಗಳಿರಲಿ, ಅರ್ಜಿಯ ಜೊತೆ ಕಳಿಸಿದ ಕಥೆಯನ್ನೋ ಕವಿತೆಯನ್ನೋ ಓದಿ ಪ್ರವೇಶವನ್ನು ನಿರ್ಧರಿಸುತ್ತವೆ. ಬ್ಯಾಂಡ್ ಅಲ್ಲಿ ಕೇಳಿದ ಮಟ್ಟವನ್ನು ದಾಟಿದರೆ ಸಾಕು. 8 ಬಂದವರ ಕಥೆಯನ್ನು ಯಾರೂ 7 ಬಂದವರ ಕಥೆಗಿಂತ ಮೇಲೆಂದು ಓದುವುದಿಲ್ಲ.

ಇದೇ ಭಾಗಕ್ಕೆ ಕೋಚಿಂಗ್ ತರಗತಿಗಳಲ್ಲಿ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುವ ರೂಢಿಯಿದೆ. ಯಾವ ವಿಷಯ ಬಂದರೂ ಹೊಂದುವಂಥ ಆರಂಭ, ಯಾವ ವಾದಕ್ಕೂ ಅಂಟಿಸಬಹುದಾದ ಮುಕ್ತಾಯ. ಬಾಯಿಪಾಠದ ಭಾಷೆ ಕಂಡರೆ ಬ್ಯಾಂಡ್ ಇಳಿಯುತ್ತದೆಂದು ಪ್ರಕಟಿತ ಮಾನದಂಡಗಳಿಂದಲೇ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಬರಹಗಾರರಾಗ ಬಯಸುವವರು ತಿಂಗಳುಗಟ್ಟಲೆ ಬೇರೆಯವರ ವಾಕ್ಯಗಳನ್ನು ಬರೆಯುತ್ತ ಕೂತರೆ ಅವರ ಗದ್ಯವೇ ಸವೆಯುತ್ತದೆ. ಪ್ರಬಂಧದ ಅಭ್ಯಾಸವನ್ನು ಮಧ್ಯಾಹ್ನದ ಗ್ರಂಥಾಲಯಕ್ಕೆ ಮೀಸಲಿಟ್ಟು, ರಾತ್ರಿಯ ಹೊತ್ತು ಕನ್ನಡದ ಕಥೆಗೇ ಎಂದು ನಾನು ಕಟ್ಟುನಿಟ್ಟು ಮಾಡಿಕೊಂಡಿದ್ದೆ. ಯಾರಿಗಾದರೂ ಈ ವಿಂಗಡಣೆಯನ್ನು ಮನಸಾರೆ ಹೇಳುತ್ತೇನೆ.

ಮಾತಿನ ಭಾಗ 11ರಿಂದ 14 ನಿಮಿಷದ್ದು, ಎದುರಿಗೆ ಪರೀಕ್ಷಕರಿರುತ್ತಾರೆ, ಎಲ್ಲವೂ ಧ್ವನಿಮುದ್ರಣವಾಗುತ್ತದೆ. ಯಂತ್ರದ ಮುಂದೆ ಮಾತನಾಡಬೇಕಾದ ಬೇರೆ ಪರೀಕ್ಷೆಗಳಿಗಿಂತ ಇದು ನನಗೆ ಹೆಚ್ಚು ಮನುಷ್ಯಸಹಜವೆನಿಸಿತು. ನಡುವಿನ ಸುತ್ತಿನಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತನಾಡಲು ಹೇಳುತ್ತಾರೆ. ಕಥೆ ಬರೆಯುವವರಿಗೆ ಇಡೀ ಪರೀಕ್ಷೆಯಲ್ಲಿ ತಮ್ಮ ಶಕ್ತಿ ನೇರವಾಗಿ ನೆರವಾಗುವ ಜಾಗ ಇದೊಂದೇ. ಅಭ್ಯಾಸದ ಪ್ರಶ್ನೆಗಳಲ್ಲಿ ಇಷ್ಟದ ಸ್ಥಳ, ನೆನಪಿನಲ್ಲಿರುವ ಹಿರಿಯರು ಎಂಬಂಥ ವಿಷಯಗಳು ಬಂದಾಗ ‘ತುಂಬ ಸುಂದರವಾಗಿದೆ’ ಎನ್ನುವ ಬದಲು ಅಜ್ಜಿ ಎಲೆಅಡಿಕೆ ಚೀಲದ ದಾರವನ್ನು ಹೇಗೆ ಬಿಚ್ಚುತ್ತಿದ್ದರು ಎಂದು ಹೇಳತೊಡಗಿದರೆ ಎರಡು ನಿಮಿಷ ಸಾಲುವುದೇ ಇಲ್ಲ, ಮಾತಿಗೆ ಬೇಕಾದ ಪದಗಳೂ ತಾವಾಗಿ ಒದಗುತ್ತವೆ.

ಪರೀಕ್ಷಾ ಕೇಂದ್ರದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಗುರುತಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ಮೊಬೈಲ್, ಕೈಗಡಿಯಾರ ಹೊರಗೇ ಇಡಬೇಕು. ಬರೆಯುವಾಗ ಪದಗಳ ಎಣಿಕೆ ಪರದೆಯ ಮೇಲೆ ಕಾಣುತ್ತಿರುವುದು ಒಂದು ಅನುಕೂಲ. ಆದರೆ ನಮ್ಮ ಪದವಿ ಪರೀಕ್ಷೆಗಳೆಲ್ಲ ಕೈಬರಹದವು. ಟೈಪಿಂಗ್ ರೂಢಿಯಿಲ್ಲದವರು ಅದನ್ನು ಬೇರೆಯಾಗಿಯೇ ಕಲಿತು ಹೋಗಬೇಕು.

ಹಣ ಕಟ್ಟುವ ಮುನ್ನ, ನೀವು ಸೇರಬಯಸುವ ವಿಶ್ವವಿದ್ಯಾಲಯ ಈ ಪರೀಕ್ಷೆಯನ್ನು ನಿಜಕ್ಕೂ ಕೇಳುತ್ತದೆಯೇ ಎಂದು ವಿಚಾರಿಸಿ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಮುಗಿಸಿದವರಿಗೆ, ಅಥವಾ ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಪಡೆದವರಿಗೆ, ಕೆಲವು ವಿಶ್ವವಿದ್ಯಾಲಯಗಳು ವಿನಾಯಿತಿ ಕೊಡುತ್ತವೆ. ಒಂದೇ ಭಾಗದಲ್ಲಿ ಬ್ಯಾಂಡ್ ಕಡಿಮೆಯಾದರೆ ಆ ಭಾಗವನ್ನಷ್ಟೇ ಮತ್ತೆ ಬರೆಯುವ ಅವಕಾಶವೂ ಕಂಪ್ಯೂಟರ್ ಮಾದರಿಯಲ್ಲಿದೆ, ಆದರೆ ಅಂಥ ಫಲಿತಾಂಶವನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ಅಮೆರಿಕದ ಎಂ.ಎಫ್.ಎ. ಅರ್ಜಿಗಳ ಗಡುವು ಬಹಳಷ್ಟು ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ಹಾಗಾಗಿ ಮಳೆಗಾಲದೊಳಗೇ ಪರೀಕ್ಷೆ ಮುಗಿಸಿ, ದಸರೆಯಿಂದ ಮುಂದಿನ ವಾರಗಳನ್ನೆಲ್ಲ ಅರ್ಜಿಗೆ ಕಳಿಸಬೇಕಾದ ಕಥೆಗಳನ್ನು ಇಂಗ್ಲಿಷಿಗೆ ತಂದು ತಿದ್ದುವುದಕ್ಕೆ ಇಟ್ಟುಕೊಳ್ಳಿ.