ಇಸ್ತಾಂಬುಲ್ಲಿನ ಮೂರು ಕೊಲೆ ಕಥೆಗಳು: ನನ್ನ ಓಟು ಯಶಿಮ್‌ಗೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಜೇಸನ್ ಗುಡ್ವಿನ್ ಅವರ ‘ದಿ ಜಾನಿಸರಿ ಟ್ರೀ’, ಯಶಿಮ್ ಎಂಬ ಪತ್ತೇದಾರನ ಕಥೆ. ಟರ್ಕಿಯ ಆಟೋಮನ್ ಸುಲ್ತಾನರ ಕಾಲದ ಪತ್ತೇದಾರಿ ಕಾದಂಬರಿ ಒಂದೇ ಒಂದು ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ತಗೊಳ್ಳಿ. ಇದರ ಜೊತೆಗೆ ಓದಿದ್ದು ಓರ್ಹಾನ್ ಪಮುಕ್ ಅವರ ‘ಮೈ ನೇಮ್ ಈಸ್ ರೆಡ್’ ಮತ್ತು ಜೆನ್ನಿ ವೈಟ್ ಅವರ ‘ದಿ ಸುಲ್ತಾನ್ಸ್ ಸೀಲ್’. ಮೂರೂ ನಡೆಯುವುದು ಇಸ್ತಾಂಬುಲ್ಲಿನಲ್ಲೇ. ಪಮುಕ್ ಕಥೆ 1591ರದ್ದು, ಗುಡ್ವಿನ್ ಕಥೆ 1836ರದ್ದು, ವೈಟ್ ಕಥೆ 1886ರದ್ದು.

ಪಮುಕ್ ಪುಸ್ತಕವನ್ನು ಆಡಿಯೋದಲ್ಲಿ ಕೊಂಡೆ, ಆಫೀಸಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಕೇಳೋಣ ಅಂತ. ತೊಂದರೆ ಶುರುವಾಗಿದ್ದೇ ಅಲ್ಲಿ. ಇದರಲ್ಲಿ 59 ಅಧ್ಯಾಯಗಳಿವೆ, ಒಂದೊಂದು ಅಧ್ಯಾಯಕ್ಕೂ ಕಥೆ ಹೇಳುವವರು ಬದಲಾಗುತ್ತಾರೆ. ಮೊದಲು ಬಾವಿಯಲ್ಲಿ ಬಿದ್ದಿರುವ ಹೆಣ ಮಾತಾಡುತ್ತದೆ, ಆಮೇಲೆ ಬ್ಲ್ಯಾಕ್ ಎಂಬುವನು, ಆಮೇಲೆ ಒಂದು ನಾಯಿ, ಆಮೇಲೆ ಕೊಲೆಗಾರನೇ. ಮುಂದೆ ಮರ, ನಾಣ್ಯ, ಕೆಂಪು ಬಣ್ಣಕ್ಕೂ ಬಾಯಿ ಬರುತ್ತದೆ. ಈಗ ಮಾತಾಡುತ್ತಿರುವುದು ಯಾರು ಅನ್ನುವುದು ಇರುವುದು ಅಧ್ಯಾಯದ ಹೆಸರಿನಲ್ಲಿ. ಕಂಡಕ್ಟರ್ ಟಿಕೆಟ್ ಕೇಳುವ ಹೊತ್ತಿಗೆ ಆ ಸಾಲು ಕಿವಿತಪ್ಪಿದರೆ ಮುಗಿಯಿತು, ಎರಡು ಸ್ಟಾಪ್ ದಾಟಿದರೂ ಇದು ಯಾರ ಮಾತು ಅಂತ ಗೊತ್ತಾಗುವುದಿಲ್ಲ.

ಇಷ್ಟೇ ಆಗಿದ್ದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಒಗಟು ಇರುವುದೇ ಮಾತಿನ ಧಾಟಿಯಲ್ಲಿ. ಬಟರ್‌ಫ್ಲೈ, ಸ್ಟಾರ್ಕ್, ಆಲಿವ್ ಎಂಬ ಅಡ್ಡಹೆಸರಿನ ಮೂವರು ಚಿತ್ರಕಾರರ ಮೇಲೆ ಅನುಮಾನ. ಕೊಲೆಗಾರ ತನ್ನ ಅಡ್ಡಹೆಸರಿನಲ್ಲೂ ಮಾತಾಡುತ್ತಾನೆ, ಹೆಸರು ಮುಚ್ಚಿಟ್ಟು ಬರೀ ಕೊಲೆಗಾರನಾಗಿಯೂ ಮಾತಾಡುತ್ತಾನೆ. ಎರಡನ್ನೂ ತಾಳೆ ಹಾಕಿ ನೋಡುವುದೇ ಓದುವವರ ಕೆಲಸ. ಅದಕ್ಕೆ ಪುಟ ತಿರುವಬೇಕು, ಹಿಂದೆ ಬೆರಳಿಟ್ಟುಕೊಂಡು ಮುಂದೆ ಓದಬೇಕು. ಆಡಿಯೋದಲ್ಲಿ ಅದಾಗದು. ಕೊನೆಗೆ ಗೆಳೆಯರೊಬ್ಬರ ಹತ್ತಿರ ಪುಸ್ತಕವನ್ನೇ ಇಸಕೊಂಡು ಮೊದಲಿನಿಂದ ಓದಿದೆ.

ಕೈಯಲ್ಲಿ ಹಿಡಿದು ಓದಿದಾಗ ಅದು ಬೇರೆಯೇ ಪುಸ್ತಕ. ಸುಲ್ತಾನನ ಖಜಾನೆಯಲ್ಲಿ ಆ ಚಿತ್ರಕಾರರ ಮುದಿ ಗುರು ಉಸ್ಮಾನ್ ಹಳೆಯ ಚಿತ್ರಪುಸ್ತಕಗಳನ್ನು ಒಂದೊಂದಾಗಿ ತೆರೆದು, ಮೂಗಿನ ಹೊಳ್ಳೆ ಸೀಳಿದ ಕುದುರೆಗಾಗಿ ಹುಡುಕುವ ಭಾಗ ಇದೆಯಲ್ಲ, ಅಂಥದ್ದನ್ನು ನಾನು ಇನ್ನೆಲ್ಲೂ ಓದಿಲ್ಲ. ಕೊಲೆಗಾರನ ಕೈಯಿಂದ ಬಂದ ಕುದುರೆಯ ಚಿತ್ರವೇ ಸುಳಿವು. ಆದರೆ ದಿನವಿಡೀ ದುಡಿದು ಬಂದು ರಾತ್ರಿ ಅರ್ಧ ಗಂಟೆ ಓದುವ ನನ್ನಂಥವರಿಗೆ ಇದು ಭಾರ. ಕೊಲೆ ಯಾರು ಮಾಡಿದ್ದು ಅಂತ ಕುತೂಹಲ ಹುಟ್ಟಿಸಿ, ಕಥೆಯೊಳಗೆ ಕಥೆ ಹೇಳುತ್ತಾ ಕೂರುತ್ತದೆ.

‘ದಿ ಸುಲ್ತಾನ್ಸ್ ಸೀಲ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಸ್ಫರಸ್ ಜಲಸಂಧಿಯ ನೀರಿನಲ್ಲಿ ಇಂಗ್ಲಿಷ್ ಗವರ್ನೆಸ್ ಒಬ್ಬಳ ಹೆಣ, ಕೊರಳಲ್ಲಿ ಸುಲ್ತಾನನ ಮುದ್ರೆಯಿರುವ ಪದಕ, ತನಿಖೆಗೆ ಮ್ಯಾಜಿಸ್ಟ್ರೇಟ್ ಕಮಿಲ್ ಪಾಷಾ. ವೈಟ್ ಮಾನವಶಾಸ್ತ್ರಜ್ಞೆ, ಹಾಗಾಗಿ ಮನೆಯೊಳಗಿನ ಹೆಂಗಸರ ಬದುಕು ಚೆನ್ನಾಗಿ ಬಂದಿದೆ. ತನಿಖೆ ಮಾತ್ರ ನಡುನಡುವೆ ಎಲ್ಲೋ ಕಳೆದುಹೋಗುತ್ತದೆ.

ಈಗ ಯಶಿಮ್. ಅರಮನೆಯ ನಪುಂಸಕ ಈತ, ಹಾಗಾಗಿ ಜನಾನಾದೊಳಗೂ ಹೋಗಬಲ್ಲ, ಬೀದಿಯಲ್ಲೂ ಓಡಾಡಬಲ್ಲ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕಾ? ಹೊಸ ಸೈನ್ಯದ ನಾಲ್ವರು ಅಧಿಕಾರಿಗಳು ಕಾಣೆಯಾಗುತ್ತಾರೆ, ಒಬ್ಬನ ಹೆಣ ದೊಡ್ಡ ಹಂಡೆಯೊಂದರಲ್ಲಿ ಸಿಗುತ್ತದೆ. ಇಲ್ಲೇ ಗುಡ್ವಿನ್ ಅವರ ಜಾಣತನ ಇರುವುದು. ಸುಲ್ತಾನರ ಹಳೆಯ ಸೈನ್ಯವಾದ ಜಾನಿಸರಿ ಪಡೆಯವರಿಗೆ ಅಡುಗೆಯ ಹಂಡೆಯೇ ದಳದ ಗುರುತು, ಅವರ ದಳಪತಿಯನ್ನು ಕರೆಯುತ್ತಿದ್ದುದೇ ‘ಸೂಪಿನವನು’ ಅಂತ. ಹಂಡೆ ಬೋರಲು ಹಾಕಿದರೆ ದಂಗೆ ಎದ್ದರು ಅಂತ ಅರ್ಥ. 1826ರ ಜೂನ್‌ನಲ್ಲಿ ಸುಲ್ತಾನ ಎರಡನೇ ಮಹ್ಮೂದ್ ಜಾನಿಸರಿಗಳ ಬ್ಯಾರಕ್ಕಿಗೇ ಫಿರಂಗಿ ಹೊಡೆಸಿ ಆ ಸೈನ್ಯವನ್ನೇ ಇಲ್ಲವಾಗಿಸಿದ. ಹತ್ತು ವರ್ಷದ ಮೇಲೆ ಹಂಡೆಯಲ್ಲಿ ಹೆಣ ಸಿಕ್ಕಿದರೆ ಊರಿನವರ ಎದೆ ಝಲ್ ಅನ್ನದೇ ಇರುತ್ತದಾ? ಯಶಿಮ್ ಸುಳಿವು ಹುಡುಕಿಕೊಂಡು ಸೂಪ್ ಮಾಡುವವರ ಸಂಘಕ್ಕೂ ಹೋಗುತ್ತಾನೆ, ಮನೆಗೆ ಬಂದು ತಾನೇ ಈರುಳ್ಳಿ ಹೆಚ್ಚಿ ಅಡುಗೆ ಮಾಡುತ್ತಾನೆ. ಇತಿಹಾಸ ಬೇರೆ, ಕೊಲೆ ಬೇರೆ ಅನ್ನಿಸುವುದೇ ಇಲ್ಲ.

ಇವನ ಗೆಳೆಯ ಪಲೆವ್‌ಸ್ಕಿ ಪೋಲೆಂಡಿನ ರಾಯಭಾರಿ. ಆಗ ಪೋಲೆಂಡ್ ಎಂಬ ದೇಶವೇ ನಕ್ಷೆಯಲ್ಲಿ ಇರಲಿಲ್ಲ! ಇಬ್ಬರೂ ಊಟಕ್ಕೆ ಕೂತ ಪುಟಗಳಿಗಾಗಿಯೇ ನಾನು ಮತ್ತೆ ಓದಿದ್ದೇನೆ.

ಒಂದು ತಕರಾರಿದೆ. ಕಥೆಯಲ್ಲಿ ಸುಲ್ತಾನನ ತಾಯಿ ಬದುಕಿದ್ದಾಳೆ, ನಿಜವಾಗಿ ಆಕೆ ತೀರಿಕೊಂಡಿದ್ದು 1817ರಲ್ಲಿ. ಆಕೆ ಫ್ರೆಂಚ್ ಮೂಲದವಳು ಅನ್ನುವುದೂ ದಂತಕಥೆ. ಇತಿಹಾಸ ಅಂತ ಓದಬೇಡಿ, ಅಷ್ಟೇ.

ಒಂದು ಆಡಿಯೋ ಪುಸ್ತಕದ ದುಡ್ಡಿಗೆ ನನಗೆ ಚರ್ಚ್ ಸ್ಟ್ರೀಟಿನಲ್ಲಿ ಎರಡು ಹಳೇ ಪುಸ್ತಕ ಸಿಗುತ್ತವೆ, ಹಾಗಾಗಿ ಯಶಿಮ್ ಸರಣಿಯ ಐದನ್ನೂ ಹೀಗೇ ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದೇನೆ. ಪಮುಕ್ ಓದಲೇಬೇಕು ಅನ್ನುವವರು ರಜೆಯಲ್ಲಿ ಓದಿ, ಕಾಗದದ ಪುಸ್ತಕವನ್ನೇ ತಗೊಳ್ಳಿ.